ನೂರ ನಾಲ್ಕು ಬಂಗುಡೆ

ಆರಿಫಾ ಶಾಲೆಗೆ ಬಾರದೆ ನಾಲ್ಕು ದಿನವಾಗಿತ್ತು. ಐದನೆಯ ದಿನ ಶಶಿಪ್ರಭಾ ಟೀಚರ್ ದೋಣಿ ಹತ್ತಿ ಹೊಳೆಯಾಚೆ ಅವಳ ಊರು ಬೆಂಗ್ರೆಗೆ ಹೋದರು.

ಆರಿಫಾಳ ತಾಯಿ ಬೀಫಾತಿಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ಅವಳು ಇನ್ನು ಬರುದಿಲ್ಲ ಟೀಚರ್. ಬೀಡಿ ಕಟ್ಲಿ. ತಲೆ ಇಲ್ಲ ಅಂತ ನಿಮ್ಮ ಮಿಷನ್ನೇ ಹೇಳಿತಲ್ಲ!"

ಅದು ೧೯೮೬. ಶಾಲೆಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಲೆಕ್ಕದ ಪಾಠ ಬರೆದವರು ಶಶಿಪ್ರಭಾ ಟೀಚರೇ. ಸಲಕ್ಕೆ ನಾಲ್ಕು ಬಂಗುಡೆಯಂತೆ ಇಪ್ಪತ್ತೈದು ಸಲ ಬುಟ್ಟಿಗೆ ಹಾಕಿದರೆ ಒಟ್ಟು ಎಷ್ಟು? ಆರಿಫಾ ನೂರ ನಾಲ್ಕು ಎಂದು ಒತ್ತಿದ್ದಳು. ಕಂಪ್ಯೂಟರ್ ಕೀಂ ಎಂದು ಕೂಗಿ, ಪರದೆಯ ತುಂಬ 'ರಾಂಗ್' ಎಂದು ತೋರಿಸಿತ್ತು. ತರಗತಿಯೆಲ್ಲ ನಕ್ಕಿತ್ತು.

ದಡದಲ್ಲಿ ಆರಿಫಾ ತನ್ನ ಮಾವ ಉಮರಬ್ಬನ ಮೀನು ಎಣಿಸಿ ಬುಟ್ಟಿಗೆ ಹಾಕುತ್ತಿದ್ದಳು. ಕೈಗೆ ಎರಡು, ಸಲಕ್ಕೆ ನಾಲ್ಕು. ಟೀಚರ್ ನೋಡುತ್ತಿದ್ದಂತೆಯೇ ಇಪ್ಪತ್ತೈದು ಸಲ ಮುಗಿಯಿತು. ಆಮೇಲೆ ಇನ್ನೂ ನಾಲ್ಕು ಬಿತ್ತು.

"ಅದೆಂತಕ್ಕೆ ಮಗಾ?"

"ಕೊಸರು ಟೀಚರ್. ನೂರಕ್ಕೆ ನಾಲ್ಕು ಹೆಚ್ಚು ಹಾಕದಿದ್ರೆ ತಗೊಳ್ಳುವವರು ಬೈತಾರೆ."

"ಕ್ಲಾಸಲ್ಲಿ ಯಾಕೆ ಹೇಳ್ಲಿಲ್ಲ?"

"ಅದು ಕೇಳ್ಲಿಲ್ಲ. ಬರೇ ಕೂಗಿತು."

ಟೀಚರ್ ಮರಳಿನ ಮೇಲೆ ಅವಳ ಪಕ್ಕ ಕುಳಿತರು. "ತಪ್ಪು ನನ್ನ ಪಾಠದ್ದು. ಹೇಗೆ ಸರಿ ಮಾಡುದು, ನೀನೇ ಹೇಳು."

ಆರಿಫಾ ಯೋಚಿಸಿದಳು. "ಕೂಗುದು ಬೇಡ. ಮೀನು ಕಾಣ್ಬೇಕು. ಮತ್ತೆ... ಇಂಗ್ಲಿಷಲ್ಲಿ ಬೈಬಾರ್ದು."

ಟೀಚರ್ ಮತ್ತೆ ಜಗಲಿಗೆ ಹೋಗಿ ಕೊಸರಿನ ವಿಷಯ ಹೇಳಿದರು. "ಹದಿನೈದು ದಿನ ಕಳಿಸ್ತೇನೆ, ಮತ್ತೆ ನಾನೇ ಬಂದು ನೋಡ್ತೇನೆ" ಎಂದರು ಬೀಫಾತಿಮ್ಮ.

ಆ ಹದಿನೈದು ದಿನವೂ ಶಾಲೆ ಬಿಟ್ಟ ಮೇಲೆ ಟೀಚರ್ ಬರೆದರು, ಆರಿಫಾ ಒತ್ತಿ ನೋಡಿದಳು. ಅವಳ ಬೆರಳು ಎಲ್ಲಿ ತಡವರಿಸಿತೋ ಅಲ್ಲಿ ಟೀಚರ್ ವಿವರಿಸಲು ಹೋಗಲಿಲ್ಲ, ಪಾಠವನ್ನೇ ಬದಲಿಸಿದರು.

ಹೇಳಿದ ದಿನ ಬೀಫಾತಿಮ್ಮ ಬಂದರು. ಕಂಪ್ಯೂಟರಿನ ಮುಂದೆ ಕುಳಿತು ಕೈ ಮಡಿಲಲ್ಲೇ ಇಟ್ಟುಕೊಂಡರು.

"ನಾನು ಮುಟ್ಟಿದ್ರೆ ಹಾಳಾಗುದಿಲ್ವಾ?"

"ಒತ್ತಿ ಮಾರಾಯ್ರೆ, ಅದು ಕಚ್ಚುದಿಲ್ಲ" ಎಂದರು ಟೀಚರ್.

ಮಗಳು ಒತ್ತಿದ್ದನ್ನೇ ಅವರೂ ಒತ್ತಿದರು. ನೂರ ನಾಲ್ಕು. ಸದ್ದಿಲ್ಲ. ಪರದೆಯಲ್ಲಿ ಮೀನುಗಳು ನಾಲ್ಕು ನಾಲ್ಕಾಗಿ ಸಾಲು ನಿಂತವು. ಕೊನೆಯ ನಾಲ್ಕು ಮಾತ್ರ ಬದಿಗೆ ಸರಿದವು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು. ಆರಿಫಾ ಓದಿದಳು: "ಇದು ಕೊಸರಾ? ಇನ್ನೊಮ್ಮೆ ನೋಡುವ."

ಬೀಫಾತಿಮ್ಮ ನಕ್ಕುಬಿಟ್ಟರು. "ಇದಕ್ಕೆ ನಮ್ಮ ಬೆಂಗ್ರೆ ಗೊತ್ತುಂಟಲ್ಲ!"

"ನಾನು ಕಲಿಸಿದ್ದು ಉಮ್ಮಾ."

ತಾಯಿ ಮಗಳ ತಲೆ ಸವರಿದರು. "ಆಯ್ತು. ಬೀಡಿ ನನಗೇ ಇರ್ಲಿ."

ಶಿಕ್ಷಕ ಬಂಧುಗಳೇ, ಕಂಪ್ಯೂಟರಿಗೆ ಪಾಠ ಬರೆಯುವ ಮೊದಲು ಒಂದು ಮಗುವಿನ ಪಕ್ಕ ಕುಳಿತುಕೊಳ್ಳಿ. ತಪ್ಪು ಎನ್ನುವ ಮೊದಲು ಆ ಉತ್ತರ ಹೇಗೆ ಬಂತೆಂದು ಕೇಳಿ. ತಾಯಂದಿರೇ, ತಂದೆಯರೇ, ಎಷ್ಟೇ ದಣಿದಿದ್ದರೂ ಒಂದು ದಿನ ಶಾಲೆಗೆ ಹೋಗಿ, ಆ ಕುರ್ಚಿಯಲ್ಲಿ ನೀವೂ ಕೂತು ನೋಡಿ. ನಿಮಗೆ ಹೆದರಿಕೆಯಾದರೆ ಬಾಯಿಬಿಟ್ಟು ಹೇಳಿ. ನಿಮ್ಮ ಮಗುವಿಗೂ ಆಗಿರುತ್ತದೆ; ಅದು ಹೇಳಿರುವುದಿಲ್ಲ, ಅಷ್ಟೆ.