ಚಳಿಗಾಲದ ಚಕ್ರ, ಬೆಟ್ಟದಾಚೆಯ ತಂಗಿ

ಹಿಮ ಜೋರಾಗಿ ಬೀಳಲು ಶುರುವಾದರೆ ಬೆಟ್ಟ ದಾಟುವ ಬಸ್ಸು ನಿಂತುಹೋಗುತ್ತದೆ. ರೊಡೋಪಿ ಬೆಟ್ಟಗಳ ಆ ಊರಿಗೆ ಇದು ಪ್ರತಿ ವರ್ಷದ ಪಾಡು. ಅಷ್ಟರೊಳಗೆ ಜನ ಸೌದೆ ಒಟ್ಟಿ, ಆಲೂಗಡ್ಡೆಯನ್ನು ನೆಲಮಾಳಿಗೆಗೆ ಇಳಿಸಿ, ಎಲೆಕೋಸನ್ನು ಪೀಪಾಯಿಯಲ್ಲಿ ಉಪ್ಪುನೀರಿಗೆ ಹಾಕಿ ಮುಗಿಸಿರುತ್ತಾರೆ. ಆಮೇಲೆ ಆಚೆ ಕಡೆ ಹೋಗಲೇಬೇಕೆಂದರೆ ಕಾರೇ ಗತಿ.

ಆ ವರ್ಷ ಆಚೆ ಕಡೆ ಹೋಗಬೇಕೆಂಬ ಹಂಬಲ ವೆಲಿಕಾಗೆ ಇದ್ದಷ್ಟು ಇನ್ಯಾರಿಗೂ ಇರಲಿಲ್ಲ. ಬೆಟ್ಟದಾಚೆ ಅವಳ ತವರು. ಸ್ಪೇನ್ ದೇಶಕ್ಕೆ ಟೊಮೆಟೊ ಕೀಳುವ ಕೆಲಸಕ್ಕೆ ಹೋಗಿದ್ದ ತಂಗಿ ಕಲೀನಾ ನಾಲ್ಕು ವರ್ಷದ ಮೇಲೆ ಮೊದಲ ಸಲ ಕ್ರಿಸ್‌ಮಸ್‌ಗೆ ಬಂದಿದ್ದಳು. ಇದ್ದದ್ದು ಒಂದೇ ವಾರದ ರಜೆ.

"ಅಕ್ಕಾ, ಅಮ್ಮಂಗೆ ಸೊಂಟದ ಆಪರೇಷನ್ ಆಗಿದೆ. ಅಣ್ಣ ಅತ್ತಿಗೆ ಇಬ್ರೂ ಹೋಟೆಲ್ ಕೆಲಸಕ್ಕೆ ಹೋಗ್ತಾರೆ. ನಾನು ಬಿಟ್ಟು ಬರೋ ಹಾಗಿಲ್ಲ. ನೀನೇ ಬಾರೇ," ಎಂದಳು ಫೋನಿನಲ್ಲಿ.

"ಬರ್ತೀನಿ ಪುಟ್ಟೀ. ಬರ್ದೇ ಇರ್ತೀನಾ?"

ಫೋನಿನ ಪುಟ್ಟ ಗಾಜಿನಲ್ಲಿ ತಂಗಿಯ ಮುಖ ಕಾಣುತ್ತಿತ್ತು. ಬಿಸಿಲಿಗೆ ಕಪ್ಪಾಗಿದ್ದಳು, ಕೆನ್ನೆ ಇಳಿದಿತ್ತು. ಸೊರಗಿದ್ದಾಳೋ, ಸುಖವಾಗಿದ್ದಾಳೋ? ಅದು ಗಾಜಿನಲ್ಲಿ ತಿಳಿಯುವ ಮಾತಲ್ಲ. ಭುಜ ಮುಟ್ಟಿ ನೋಡಬೇಕು, ಎದುರಿಗೆ ಕೂರಿಸಿಕೊಂಡು ಬಡಿಸಬೇಕು. ಫೋನ್ ಇಟ್ಟ ಮೇಲೂ ವೆಲಿಕಾ ಕಿಟಕಿಯಲ್ಲಿ ನಿಂತು ಬೆಟ್ಟದ ನೆತ್ತಿಯನ್ನೇ ನೋಡುತ್ತಿದ್ದಳು.

ಗಂಡ ಅಸೆನ್‌ಗೆ ಕಾರೆಂದರೆ ಜೀವ. ಆ ಬೇಸಿಗೆಯಲ್ಲಿ ಕಾರಿನ ಜೊತೆ ಬಂದಿದ್ದ ಚಕ್ರಗಳನ್ನು ಯಾರಿಗೋ ಮಾರಿ, ಹೊರಗಿನಿಂದ ದೊಡ್ಡ ಅಲಾಯ್ ಚಕ್ರಗಳನ್ನು ತಂದು ಹಾಕಿಸಿದ್ದ. ಕನ್ನಡಿಯಂತೆ ಹೊಳೆಯುವ ಚಕ್ರಗಳು. ಅವುಗಳ ಸುತ್ತ ಅಗಲವಾದ, ತೆಳು ಅಂಚಿನ ಹೊಸ ಟೈರುಗಳು. ಭಾನುವಾರ ಬಂತೆಂದರೆ ಬಟ್ಟೆ ಹಿಡಿದು ಒರೆಸುತ್ತ ಕೂರುತ್ತಿದ್ದ.

ಪಕ್ಕದ ಮನೆಯ ಮಿಂಕಾ ಶಾಲೆಯ ವ್ಯಾನ್ ಓಡಿಸುವವಳು. ಆ ಬೆಟ್ಟದ ದಾರಿಯಲ್ಲೇ ಎಷ್ಟೋ ಚಳಿಗಾಲ ಕಳೆದವಳು. ಹೊರಡುವ ಸುದ್ದಿ ಕೇಳಿ ಬೇಲಿಯ ಹತ್ತಿರ ಬಂದಳು.

"ಅಸೆನ್, ಈ ಟೈರಲ್ಲಿ ಬೆಟ್ಟ ಹತ್ತೋಕೆ ಹೊರಟಿದ್ದೀಯೇನೋ?"

"ಯಾಕೆ, ಏನಾಗಿದೆ ಇದಕ್ಕೆ? ಹೊಸಾ ಟೈರು. ಮೇಲಿನ ಗೀರು, ಬಟನ್ ಒಂಚೂರೂ ಸವೆದಿಲ್ಲ."

"ಬಟನ್ ಇದ್ದರೆ ಸಾಕೇ? ಇದು ಬೇಸಿಗೆ ಟೈರು. ಚಳಿಗೆ ಇದರ ರಬ್ಬರು ಮರದ ಹಾಗೆ ಗಟ್ಟಿಯಾಗುತ್ತೆ, ರಸ್ತೆನ ಹಿಡಿಯೋದೇ ಇಲ್ಲ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿಯುತ್ತೆ. ಅದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಬೆಟ್ಟದೊಳಗೆ ಹಿಮದ ಹೂವು ಅಚ್ಚು ಹಾಕಿರ್ತಾರೆ. ನಿನ್ನ ಟೈರಲ್ಲಿ ಎಲ್ಲಿದೆ ತೋರ್ಸು?"

"ಓಹೋ, ಬೆಟ್ಟದ ಚಿತ್ರ ಇದ್ದರೆ ಬೆಟ್ಟ ಹತ್ತುತ್ತೆ, ಮೀನಿನ ಚಿತ್ರ ಇದ್ದರೆ ಈಜುತ್ತೇನೋ!"

ಮಿಂಕಾಗೆ ನಗು ಬಂತು, ಆದರೂ ಬಿಡಲಿಲ್ಲ. "ಜೋರಾಗಿ ಹೋದರೆ ಸ್ಟೇರಿಂಗ್ ನಡುಗುತ್ತೆ ಅಂತ ನೀನೇ ಹೇಳಿದ್ದೆ. ತಿರುಗಿಸಿದಾಗ ಒಳಗೆಲ್ಲೋ ಉಜ್ಜುತ್ತೆ ಅಂತಾನೂ ಹೇಳಿದ್ದೆ. ಆ ಚಕ್ರ ನಿನ್ನ ಕಾರಿನ ಅಳತೆದಲ್ಲ ಕಣೋ. ಒಂದು ದಿನ ತಡ್ಕೋ. ನಾಳಿದ್ದು ನಂಗೆ ಬಿಡುವು. ನನ್ನ ಕಾರಲ್ಲಿ ನಾನೇ ವೆಲಿಕಾನ ಕರ್ಕೊಂಡು ಹೋಗ್ತೀನಿ."

"ನನ್ನ ಹೆಂಡತೀನ ತವರಿಗೆ ಬಿಡೋಕೆ ಪಕ್ಕದ ಮನೆಯವರು ಬೇಕಾ?" ಎಂದು ಅಸೆನ್ ಮುಖ ಗಂಟಿಕ್ಕಿದ.

ವೆಲಿಕಾ ಇಬ್ಬರ ಮುಖವನ್ನೂ ನೋಡಿದಳು. ಮಿಂಕಾ ಹೇಳುವುದರಲ್ಲಿ ಹುರುಳಿದೆ ಎಂದು ಅವಳಿಗೂ ಅನ್ನಿಸಿತು. ಆದರೆ ಇನ್ನೂ ಎರಡು ದಿನ! ಇರುವ ಒಂದು ವಾರದಲ್ಲಿ ಎರಡು ದಿನ ಹೀಗೇ ಕಳೆದಿದ್ದವು. "ನಿಧಾನಕ್ಕೆ ಹೋಗ್ತೀವಿ ಬಿಡೇ ಮಿಂಕಾ," ಎಂದುಬಿಟ್ಟಳು.

ಮಾರನೆಯ ಬೆಳಿಗ್ಗೆ ಹೊರಟರು. ತಂಗಿಗೆ ಇಷ್ಟವೆಂದು ಆಲೂಗಡ್ಡೆ, ಚೀಸು, ಪುದೀನ ಹಾಕಿ ಬೇಯಿಸಿದ ಪತಾತ್ನಿಕ್ ತಟ್ಟೆಯನ್ನು ವೆಲಿಕಾ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಿಸಿ ಆರದಿರಲೆಂದು ಉಣ್ಣೆಯ ಶಾಲು ಸುತ್ತಿದ್ದಳು. ಕೆಳಗಿನ ರಸ್ತೆಯಲ್ಲಿ ಉಪ್ಪು ಎರಚಿದ್ದರು, ತೊಂದರೆಯಾಗಲಿಲ್ಲ. ಪೈನ್ ಕಾಡು ದಾಟಿದ ಮೇಲೆ ರಸ್ತೆ ಬೆಳ್ಳಗಾಯಿತು. ನೆತ್ತಿಗೆ ಇನ್ನೊಂದೇ ತಿರುವು ಬಾಕಿ.

ಆ ತಿರುವಿನಲ್ಲಿ ಚಕ್ರಗಳು ಸುಮ್ಮನೆ ಗಿರಗಿರನೆ ತಿರುಗಿದವು. ಕಾರು ಮುಂದೆ ಹೋಗಲಿಲ್ಲ, ಹಿಂದಕ್ಕೆ ಜಾರಿತು. ಅಸೆನ್ ಬ್ರೇಕ್ ಒತ್ತಿದ. ಒತ್ತಿದ್ದೇ ಬಂತು. ಗಾಡಿ ನಿಧಾನವಾಗಿ, ಯಾರೋ ಕೈಹಿಡಿದು ಎಳೆದಂತೆ, ಅಡ್ಡಡ್ಡ ತಿರುಗುತ್ತ ಪ್ರಪಾತದ ಕಡೆ ಸರಿಯಿತು.

"ಅಸೆನ್! ಅಸೆನ್!"

"ಕೇಳ್ತಿಲ್ಲ, ನನ್ನ ಮಾತು ಕೇಳ್ತಿಲ್ಲ ಇದು!"

ಹಿಮದಡಿ ಹುದುಗಿದ್ದ ಅಂಚಿನ ಕಲ್ಲಿಗೆ ಹಿಂದಿನ ಚಕ್ರ ಬಡಿಯಿತು. ಫಟ್ ಎಂದು ಸದ್ದಾಗಿ ಕಾರು ನಿಂತಿತು. ವೆಲಿಕಾಳ ಕಡೆಯ ಬಾಗಿಲಿನಾಚೆ ಬರೀ ಶೂನ್ಯ. ಬಹಳ ಕೆಳಗೆ ಮರಗಳ ತುದಿಗಳು ಕಾಣುತ್ತಿದ್ದವು.

ಅಸೆನ್‌ನ ಕಡೆಯಿಂದಲೇ ಇಬ್ಬರೂ ತೆವಳಿ ಹೊರಬಂದರು. ಹೊಳೆಯುತ್ತಿದ್ದ ಚಕ್ರ ಎರಡು ಬೆರಳು ತೂರುವಷ್ಟು ಸೀಳಿತ್ತು. ತೆಳು ಟೈರು ಸುಕ್ಕಾಗಿ ಮಲಗಿತ್ತು. ಅಸೆನ್ ಬಗ್ಗಿ ಆ ಸೀಳನ್ನು ಮುಟ್ಟಿ ನೋಡಿದ. ವೆಲಿಕಾ ಮಾತ್ರ ಬೆಟ್ಟದ ನೆತ್ತಿಯನ್ನೇ ನೋಡುತ್ತಿದ್ದಳು.

"ನಾನು ನಡ್ಕೊಂಡೇ ಹೋಗ್ತೀನಿ. ಆ ಕಡೆ ಇಳಿದರೆ ನಮ್ಮೂರು."

"ಹುಚ್ಚಿ ಥರ ಆಡಬೇಡ. ಗಾಳಿ ಏಳ್ತಿದೆ."

"ಅವಳು ಬಾಗಿಲಲ್ಲೇ ನಿಂತಿರ್ತಾಳೆ ಅಸೆನ್!"

ಹಿಮ ತೆಗೆಯುವ ಗಾಡಿಯವರು ಅಷ್ಟರಲ್ಲಿ ಬಂದರು. ದಾರಿ ಮುಚ್ಚುತ್ತಿದ್ದೇವೆ, ಬಿರುಗಾಳಿ ಬರುತ್ತಿದೆ ಎಂದು ಇಬ್ಬರನ್ನೂ ಕೂರಿಸಿಕೊಂಡು ಕೆಳಗಿಳಿಸಿದರು. ಒಡೆದ ಚಕ್ರದ ಜಾಗಕ್ಕೆ ಸ್ಟೆಪ್ನಿ ಹಾಕಿ, ಕಾರನ್ನು ಹಿಂದೆ ಕಟ್ಟಿ ಎಳೆದು ತಂದರು. ವೆಲಿಕಾ ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಲೇ ಇದ್ದಳು. ಮೋಡ ಇಳಿದು ನೆತ್ತಿ ಮರೆಯಾಯಿತು.

ದಿನಗಟ್ಟಲೆ ದಾರಿ ತೆರೆಯಲಿಲ್ಲ. ಇನ್ನು ಮಿಂಕಾಳ ಕಾರೂ ಹೋಗುವಂತಿರಲಿಲ್ಲ. ತಂಗಿ ಫೋನ್ ಮಾಡಿದಾಗಲೆಲ್ಲ, "ಇವತ್ತು ಅಮ್ಮಂಗೆ ಬೀನ್ಸ್ ಸಾರು ಮಾಡಿದ್ದೆ, ನಿಂಗೂ ಒಂದು ತಟ್ಟೆ ಇಟ್ಟೆ ಅಕ್ಕಾ," ಎನ್ನುವಳು. ವೆಲಿಕಾ "ಹೂಂ" ಎಂದಷ್ಟೇ ಹೇಳಿ ಫೋನನ್ನು ಎದೆಗೆ ಒತ್ತಿಕೊಳ್ಳುವಳು. ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಸೆನ್ ತಾನಾಗಿಯೇ ಮಿಂಕಾಳ ಬಾಗಿಲಿಗೆ ಹೋದ.

"ಹೇಳು ಮಾರಾಯ್ತಿ, ಏನು ಹಾಕಿಸಬೇಕು? ಈ ಸಲ ಬಾಯಿ ಮುಚ್ಕೊಂಡು ಕೇಳ್ತೀನಿ."

"ಅದೊಂದು ನಿನ್ನ ಕೈಲಾಗಲ್ಲ ಬಿಡು," ಎಂದು ಮಿಂಕಾ ಕೋಟು ಹಾಕಿಕೊಂಡಳು. ಅವನ ಕಾರಿನಲ್ಲೇ ಅವನನ್ನು ಕೆಳಗಿನ ಪಟ್ಟಣದ ಟೈರ್ ಅಂಗಡಿಗೆ ಕರೆದೊಯ್ದಳು.

"ಹೊರಗಿನ ಚಕ್ರ ಹಾಕಬಾರದು ಅಂತೇನಿಲ್ಲ," ಎಂದಳು ದಾರಿಯಲ್ಲಿ. "ಆದರೆ ಕಾರಿಗೆ ಒಗ್ಗಬೇಕು. ಬೋಲ್ಟಿನ ತೂತುಗಳು ಸರಿಯಾಗಿ ಕೂರಬೇಕು. ನಡುವಿನ ತೂತು ದೊಡ್ಡದಾಗಿದ್ದರೆ ಅದಕ್ಕೆ ಉಂಗುರ ಹಾಕಿ ಬಿಗಿ ಮಾಡಬೇಕು. ನಿನ್ನದಕ್ಕೆ ಹಾಕಿರಲಿಲ್ಲ, ಅದಕ್ಕೇ ನಡುಗ್ತಿತ್ತು. ಚಕ್ರ ಹೊರಗೆ ಚಾಚಿರಬಾರದು, ಒಳಗೆ ಉಜ್ಜಬಾರದು. ಕಾರಿನ ಭಾರ ಹೊರೋ ತಾಕತ್ತೂ ಇರಬೇಕು."

"ಟೈರು ಇಷ್ಟು ಸಣ್ಣದಾ?" ಅಂಗಡಿಯಲ್ಲಿ ಅಸೆನ್ ತಡೆಯಲಾರದೆ ಕೇಳಿದ.

"ಅಗಲದ ಟೈರು ಹಿಮದ ಮೇಲೆ ತೇಲುತ್ತೆ, ಕಿರಿದಾದ್ದು ಹಿಮ ಸೀಳಿ ನೆಲ ಹಿಡಿಯುತ್ತೆ. ಅಂಚು ದಪ್ಪ ಇದ್ದರೆ ಗುಂಡಿಗೆ ಬಿದ್ದರೂ ಚಕ್ರಕ್ಕೆ ಪೆಟ್ಟು ಕಮ್ಮಿ. ನಿನ್ನ ಕಾರಿನ ಪುಸ್ತಕದಲ್ಲಿ ಈ ಅಳತೆಗೂ ಒಪ್ಪಿಗೆ ಇದೆ, ನೋಡಿದ್ದೀನಿ."

"ಹಾಗಾದ್ರೆ ಮುಂದಿನ ಎರಡಕ್ಕೆ ಹಾಕಿಸಿದರೆ ಸಾಕಲ್ವಾ?"

"ಮುಂದಿಂದು ಹಿಡಿದು ಹಿಂದಿಂದು ಜಾರಿದರೆ ಮತ್ತೆ ಗಿರಕಿನೇ. ನಾಲ್ಕಕ್ಕೂ ಹಾಕ್ಸು."

ಕಪ್ಪು ಬಣ್ಣದ ಸಾದಾ ಉಕ್ಕಿನ ಚಕ್ರಗಳು, ಹಿಮದ ಹೂವಿನ ಅಚ್ಚಿದ್ದ ನಾಲ್ಕು ಟೈರುಗಳು. ಚಳಿಗೆ ಗಾಳಿ ಇಳಿಯುತ್ತದೆಂದು ಅಂಗಡಿಯವನು ಗಾಳಿ ಅಳೆದು ತುಂಬಿದ. ಸ್ವಲ್ಪ ದೂರ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಿಕೊಳ್ಳಿ ಎಂದ. ಅಸೆನ್ ಮನೆಗೆ ಬಂದು ಕಾರು ನಿಲ್ಲಿಸಿದವನೇ ಬಗ್ಗಿ ತಾನೇ ಬಿಗಿಸಿದ.

ದಾರಿ ತೆರೆದದ್ದು ಕಲೀನಾ ಹೊರಡುವ ದಿನ ಬೆಳಿಗ್ಗೆ. ಅಸೆನ್ ಆತುರಪಡಲಿಲ್ಲ. ಮುಂದಿನ ಗಾಡಿಗೆ ಬಹಳ ಅಂತರ ಬಿಟ್ಟು, ಬ್ರೇಕನ್ನು ಮೆಲ್ಲಗೆ ಒತ್ತುತ್ತ ಹತ್ತಿದ. ಆ ತಿರುವಿನಲ್ಲಿ ವೆಲಿಕಾ ಕಣ್ಣು ಮುಚ್ಚಿಕೊಂಡಳು. ಟೈರುಗಳು ಕರಕರ ಎನ್ನುತ್ತ ಹಿಮ ಕಚ್ಚಿ ಹಿಡಿದವು. ಕಣ್ಣು ಬಿಟ್ಟಾಗ ಆಚೆಯ ಕಣಿವೆ ಕಾಣುತ್ತಿತ್ತು, ಕಣಿವೆಯಲ್ಲಿ ಹೊಗೆಯಾಡುವ ಮನೆಗಳು.

ಕಲೀನಾ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ವೆಲಿಕಾ ಒಳಗೆ ಹೋಗಿ ಅಮ್ಮನ ಕೈಗೆ ಮುತ್ತಿಟ್ಟು ಬರುವಷ್ಟೇ ಹೊತ್ತಿತ್ತು. ಆ ಕಡೆಯ ಪಟ್ಟಣದ ಬಸ್ ನಿಲ್ದಾಣದವರೆಗೆ ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ವಾರವಿಡೀ ಆಡಬೇಕೆಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ತಂಗಿಯ ಭುಜದ ಮೂಳೆ ವೆಲಿಕಾಳ ಕೈಗೆ ಸಿಕ್ಕಿತು.

"ಊಟ ಮಾಡ್ತೀಯೇನೇ ಅಲ್ಲಿ?"

"ಮಾಡ್ತೀನಿ ಅಕ್ಕಾ."

"ಸುಳ್ಳಿ."

ಕಲೀನಾ ನಕ್ಕಳು, ಆಮೇಲೆ ಅಕ್ಕನ ಕೊರಳಿಗೆ ಮುಖ ಒತ್ತಿ ಅತ್ತಳು.

ನಿಲ್ದಾಣದ ಕಟ್ಟಡ ದೂರದಲ್ಲಿ ಕಾಣಿಸಿತು. ವೆಲಿಕಾ ಮುಂದಕ್ಕೆ ಬಾಗಿ ಗಂಡನ ಹೆಗಲು ಮುಟ್ಟಿದಳು.

"ಅಸೆನ್, ಇನ್ನೂ ಸ್ವಲ್ಪ ನಿಧಾನಕ್ಕೆ ಹೋಗೋ."

ಅವನು ಗೇರು ಇಳಿಸಿದ.

ಬೆಟ್ಟದ ಊರುಗಳ ಅಕ್ಕ ಅಣ್ಣಂದಿರೇ, ನಿಮಗೂ ಕಾಯುವವರು ದಾರಿಯ ಆ ತುದಿಯಲ್ಲಿದ್ದಾರೆ. ಹಿಮ ಬೀಳುವ ಮೊದಲೇ, ಇವತ್ತೇ ಅಂಗಳಕ್ಕಿಳಿದು ನಿಮ್ಮ ಗಾಡಿಯ ಪಕ್ಕ ಬಗ್ಗಿ. ನಾಲ್ಕು ಟೈರಿನಲ್ಲೂ ಬೆಟ್ಟ ಮತ್ತು ಹಿಮದ ಹೂವು ಇದೆಯೇ, ಬಟನ್‌ಗಳ ನಡುವಿನ ಗೀರು ಆಳವಾಗಿದೆಯೇ ನೋಡಿ. ಹೊರಗಿನ ಚಕ್ರ ಹಾಕಿಸಿದ್ದರೆ ಅದು ನಿಮ್ಮ ಕಾರಿನ ಅಳತೆಗೂ ಭಾರಕ್ಕೂ ಒಗ್ಗುತ್ತದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಅನುಮಾನವಿದ್ದರೆ ಆ ದಿನ ಹೊರಡಬೇಡಿ. ವೆಲಿಕಾ ಕಳೆದುಕೊಂಡ ದಿನಗಳು ಅವಳಿಗೆ ಮರಳಿ ಬರಲಿಲ್ಲ. ನಿಮ್ಮ ದಿನಗಳು ಇನ್ನೂ ನಿಮ್ಮ ಕೈಯಲ್ಲಿವೆ.