ಒಂದು ಗೇಣು ನೆಲ

ಅವಳು ನೆಲದ ಮೇಲೆ ಎಳೆದಿದ್ದ ಗೆರೆಯನ್ನು ಗಂಡ ಅಂಗಾಲಿನಿಂದ ಒರೆಸಿದ. ಒಂದೇ ಸಲಕ್ಕೆ ಹೋಗಲಿಲ್ಲ. ಹಿಮ್ಮಡಿ ಊರಿ, ಬೀಡಿ ಹೊಸಕುವವನ ಹಾಗೆ ಎರಡು ಸಲ ತಿರುವಿದ.

"ಸೀಮೆಸುಣ್ಣ ಎಲ್ಲಿಂದ ತಗೊಂಡೆ?"

"ನಿಮ್ಮ ಮೇಜಿಂದ."

"ಅದು ಬಟ್ಟೆಗೆ ಗುರುತು ಹಾಕೋದು. ನೆಲಕ್ಕಲ್ಲ."

"ನೆಲದ್ದು ಒರೆಸಿದ್ರಲ್ಲ. ಈಗ ಪಾದಕ್ಕೆ ಅಂಟಿದೆ. ಹೋಗಿ ಯಾರದಾದ್ರೂ ಪ್ಯಾಂಟಿನ ಮೇಲೆ ನಿಂತ್ಕೊಳ್ಳಿ."

ಅವನು ದರ್ಜಿ. ಬೀದಿಯೆಲ್ಲ ಅವನನ್ನು ಮಾಸ್ಟರ್ ಎನ್ನುತ್ತಿತ್ತು. ಮನೆಯಲ್ಲಿ ಅವಳು ಆ ಹೆಸರು ಎತ್ತುತ್ತಿದ್ದದ್ದು ಜಗಳಕ್ಕೆ ನಿಂತಾಗ ಮಾತ್ರ.

ಎರಡು ಓಣಿಗಳು ಹಿಂದಕ್ಕೆ ಹೋಗಿ ಒಂದಾಗುವ ಜಾಗದಲ್ಲಿ ಸಿಕ್ಕಿಕೊಂಡ ಮನೆ ಅದು. ರಸ್ತೆಯ ಕಡೆ ಅಗಲ, ಅಲ್ಲಿ ಅಂಗಡಿ. ಅದರ ಬೆನ್ನಿಗೆ ಅಡುಗೆಮನೆ, ಅದರ ಪಕ್ಕದ ಗೋಡೆಯಲ್ಲಿ ಹಿತ್ತಲಿಗೊಂದು ಕಿರುಬಾಗಿಲು. ಮಲಗುವುದು ಮೇಲಿನ ಒಂದು ಕೋಣೆಯಲ್ಲಿ. ಓಣಿಗಳು ಹತ್ತಿರ ಬಂದಂತೆ ಗೋಡೆಗಳೂ ಹತ್ತಿರ ಬರುತ್ತಿದ್ದವು. ಅಡುಗೆಮನೆಯಲ್ಲಿ ಒಂದು ಗೇಣು ಒಳಕ್ಕೆ ಹೋದರೆ ಜಾಗ ಎರಡು ಬೆರಳು ಕಿರಿದಾಗುತ್ತಿತ್ತು. ಚೌಕದ ಯಾವ ವಸ್ತುವೂ ಅಲ್ಲಿ ನೆಟ್ಟಗೆ ಕೂತದ್ದಿಲ್ಲ. ಬೀರು ಇಟ್ಟರೆ ಹಿಂದೆ ಜಿರಲೆಗಳಿಗೊಂದು ಮೂಲೆ, ಮೇಜು ಇಟ್ಟರೆ ಬಾಗಿಲು ಅರ್ಧಕ್ಕೆ ನಿಲ್ಲುತ್ತಿತ್ತು. ಕಟ್ಟಿದವನು ಕುಡಿದು ಕಟ್ಟಿದ್ದಾನೆ ಎಂದು ಅವಳು ಮದುವೆಯಾಗಿ ಬಂದ ವಾರದಲ್ಲೇ ಹೇಳಿದ್ದಳು. ಕಟ್ಟಿದವನು ಅವನ ಅಪ್ಪ ಎಂದು ಆಮೇಲೆ ಗೊತ್ತಾಯಿತು. ಆ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವನು ಮರೆಯಲಿಲ್ಲ.

ತಿಂಗಳ ಹಿಂದೆ ಹಳೆಯ ಸಿಮೆಂಟು ಕಟ್ಟೆ ನಡುವೆ ಬಿರುಕು ಬಿಟ್ಟು, ಒಲೆ, ಕುದಿಯುವ ಬೇಳೆಯ ಪಾತ್ರೆ ಸಮೇತ ಕುಸಿದಿತ್ತು. ಅವಳ ಎಡಗಾಲಿನ ಮೇಲೆ ಅಂಗೈಯಗಲ ಸುಟ್ಟಿತ್ತು. ಸದ್ದು ಕೇಳಿ ಓಡಿಬಂದ ಮಾಸ್ಟರ್ ಬಾಗಿಲಲ್ಲೇ ನಿಂತು, "ಬೇಳೆ ಎಲ್ಲಾ ಹೋಯ್ತಾ?" ಎಂದು ಕೇಳಿದ್ದ. ಆಗಿನಿಂದ ಅವಳು ಹಿತ್ತಲಲ್ಲಿ ಎರಡು ಇಟ್ಟಿಗೆಯ ನಡುವೆ ಬೇಯಿಸುತ್ತಿದ್ದಳು. ಇಬ್ಬರ ಬಳಿ ಇದ್ದದ್ದನ್ನೆಲ್ಲ ಕೂಡಿಸಿದರೂ ಒಂದು ಕಲ್ಲಿಗೆ, ಒಂದು ದಿನದ ಗಾರೆ ಕೂಲಿಗೆ ಸರಿಹೋಗುತ್ತಿತ್ತು, ಅಷ್ಟೇ. ಬೀರು, ಬಣ್ಣ, ಗೋಡೆಗೆ ಟೈಲ್ಸು ಯಾವುದೂ ಇಲ್ಲ. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂದು ಕಲ್ಲು, ಎರಡೂ ತುದಿ ಗೋಡೆಯಲ್ಲಿ ಕೊರೆದ ಕಚ್ಚಿನಲ್ಲಿ. ಅದು ಎಲ್ಲಿ ಕೂರಬೇಕು ಎನ್ನುವುದೇ ತಕರಾರು; ಅವಳು ಗೆರೆ ಎಳೆದದ್ದು ಅದಕ್ಕೇ.

ಅವಳು ಆಸ್ಪತ್ರೆಯ ಆರು ನರ್ಸುಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಿದ್ದಳು. ಒಂದನೇ ತಾರೀಖಿನಿಂದ ಮೂವತ್ತು ಡಬ್ಬಿ ಆಗುತ್ತದಾ ಎಂದು ಅವರ ಹಿರಿಯ ನರ್ಸು ಕೇಳಿದ್ದಳು. ಆಗುತ್ತದೆ ಎಂದು ಇವಳು ನಿಂತಲ್ಲೇ ಹೇಳಿ ಬಂದಿದ್ದಳು. ಮೂವತ್ತು ಡಬ್ಬಿಗೆ ದೊಡ್ಡ ಪಾತ್ರೆ ಬೇಕು, ದೊಡ್ಡ ಪಾತ್ರೆಗೆ ನೆಲದ ಮೇಲೆ ಕೂರುವ ದೊಡ್ಡ ಒಲೆ. ಒಲೆಯನ್ನು ಹಳೆ ಸಾಮಾನಿನವನ ಹತ್ತಿರ ಆಗಲೇ ತಂದು ಹಿತ್ತಲಲ್ಲಿ ಗೋಣಿ ಮುಚ್ಚಿಟ್ಟಿದ್ದಳು. ಕಲ್ಲು ಒಂದು ಗೇಣು ಹಿಂದಕ್ಕೆ ಕೂತರೆ ಆ ಒಲೆ ಬಾಗಿಲ ಪಕ್ಕಕ್ಕೆ ಸೇರುತ್ತದೆ. ಕೂರದಿದ್ದರೆ ಸೇರುವುದಿಲ್ಲ.

"ಹಿಂದಕ್ಕೆ ಹೋದಷ್ಟೂ ಕಲ್ಲು ಚಿಕ್ಕದಾಗತ್ತೆ. ಮುಂದಿದ್ರೆ ದೊಡ್ಡ ಕಟ್ಟೆ ಸಿಗತ್ತೆ," ಎಂದ ಮಾಸ್ಟರ್. "ನಿನಗೇ ಒಳ್ಳೇದು."

"ನನ್ನ ಒಳ್ಳೇದನ್ನ ನೀವು ಯಾವಾಗಿಂದ ನೋಡಕ್ಕೆ ಶುರುಮಾಡಿದ್ರಿ?"

"ಸರಿ, ಬಾಯಿಬಿಟ್ಟೇ ಹೇಳ್ತೀನಿ. ಹೋದ ತಿಂಗಳು ಒಬ್ಬ ಕೋಟು ವಾಪಸ್ ತಂದ. ಹಾಕ್ಕೊಂಡು ಕೂತ್ರೆ ಪಕ್ಕದಲ್ಲಿ ಒಗ್ಗರಣೆ ಹಾಕಿದ ಹಾಗೆ ಅಂತೆ. ಆರು ಡಬ್ಬಿಗೇ ಹಿಂಗೆ. ಮೂವತ್ತಕ್ಕೆ ನಾನು ಅಂಗಡಿ ಬೋರ್ಡಿಗೆ ಮೆಣಸಿನಕಾಯಿ ಕಟ್ಬೇಕು."

"ಕಟ್ಟಿ. ಹಂಗಾದ್ರೂ ನಾಲ್ಕು ಜನ ಒಳಗೆ ಬರ್ತಾರೆ."

ಅವನು ಕೊರಳಲ್ಲಿ ಸದಾ ಜೋತುಬಿದ್ದಿರುತ್ತಿದ್ದ ಬಟ್ಟೆಯ ಟೇಪನ್ನು ಎಳೆದು ತೆಗೆದ. ಕೆಲಸ ಕಲಿಸಿದ ಗುರು ಕೊಟ್ಟದ್ದು ಅದು. ಮೂವತ್ತು ವರ್ಷದ ಬೆವರು ಕುಡಿದು ಹಳದಿಯಿಂದ ಕಂದಾಗಿತ್ತು. ಕಲ್ಲು ತರಬೇಕಿದ್ದ ಗಾರೆಯವನು ತಾನೇ ಬಂದು ಅಳತೆ ತೆಗೆದುಕೊಳ್ಳುತ್ತೇನೆ ಅಂದದ್ದಕ್ಕೆ ಮಾಸ್ಟರ್ ಕೆಣಕುವವನ ಹಾಗೆ ನಕ್ಕುಬಿಟ್ಟಿದ್ದ: "ನಂಗೆ ಅಳತೆ ಹೇಳ್ಕೊಡ್ತೀಯೇನಯ್ಯಾ?" ಈಗ ತನಗೆ ಬೇಕಾದ ಜಾಗದಲ್ಲೇ, ಗೋಡೆಯಿಂದ ಗೋಡೆಗೆ ಟೇಪು ಬಿಗಿಯಾಗಿ ಎಳೆದು ಹಿಡಿದ. ಸರಿಯಾಗಿ ಅರವತ್ತು ಇಂಚು. ಟೇಪಿನ ತುದಿಗೆ ತುದಿ. ಚೀಟಿಯಲ್ಲಿ ಬರೆದ, ಕೆಳಗೆ ಎರಡು ಗೀಟು ಹಾಕಿದ.

"ತಗೊಂಡ್ಹೋಗಿ ಗಾರೆಯವನಿಗೆ ಕೊಡು. ದಾರೀಲಿ ನಿನ್ನ ಲೆಕ್ಕ ಸೇರಿಸ್ಬೇಡ."

ಅವಳು ಚೀಟಿಯನ್ನು ಮಡಿಸಿದಳು. ದಾರಿಯಲ್ಲಿ ಸೇರಿಸುವ ಯೋಚನೆ ಬಾರದೇ ಇರಲಿಲ್ಲ. ಅರವತ್ತನ್ನು ಐವತ್ತೆಂಟು ಮಾಡಲು ಎಷ್ಟು ಹೊತ್ತು? ಆದರೆ ಅವನ ಅಂಕಿಗಳು ಅಚ್ಚು ಹಾಕಿದ ಹಾಗಿದ್ದವು, ತಿದ್ದಿದರೆ ಕುರುಡನಿಗೂ ಗೊತ್ತಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಕೊಟ್ಟು ಬಂದಳು.

ಮಂಗಳವಾರ ಹನ್ನೊಂದರ ಹೊತ್ತಿಗೆ ಕಲ್ಲು ಬಂತು. ಗಾರೆಯವನು ಬೆಳಿಗ್ಗೆಯೇ ಬಂದು, ಮಾಸ್ಟರ್ ತೋರಿಸಿದಲ್ಲಿ ಎರಡೂ ಗೋಡೆಗೆ ಕಚ್ಚು ಕೊರೆದಿದ್ದ. ಅವನು, ತಳ್ಳುಗಾಡಿಯವನು ಸೇರಿ ಕಪ್ಪು ಕಲ್ಲನ್ನು ಅಂಗಡಿಯ ಮೂಲಕವೇ ಹೊತ್ತು ತರಬೇಕಾಯಿತು. ಅಲ್ಲಿ ಹೊಸ ಕೋಟಿನ ಗಿರಾಕಿಯೊಬ್ಬ ಕೂತಿದ್ದ. ಮುಂದಿನ ವಾರ ನಿವೃತ್ತನಾಗಲಿದ್ದ ಅಂಚೆ ಕಚೇರಿಯ ಸಾಹೇಬ. ಕತ್ತರಿಸಿ ಕೂಡಿಸಿದ್ದ ಕೋಟನ್ನು ಮೊದಲ ಸಲ ತೊಟ್ಟು ನೋಡಲು ಬಂದಿದ್ದ. ಮೊಣಕಾಲು ಪಕ್ಕಕ್ಕೆ ತಿರುಗಿಸಿ ಕಲ್ಲಿಗೆ ದಾರಿ ಬಿಟ್ಟ. ಆಮೇಲೆ, ಬಿಟ್ಟಿ ನಾಟಕ ನೋಡುವವನ ಹಾಗೆ ಕುರ್ಚಿಯನ್ನು ಅಡುಗೆಮನೆಯ ಕಡೆಗೇ ಎಳೆದುಕೊಂಡ.

ಒಂದು ತುದಿ ಕಚ್ಚಿನಲ್ಲಿ ಕೂತಿತು. ಇನ್ನೊಂದು ತುದಿ ಗೋಡೆಯನ್ನು ಮುಟ್ಟಲೇ ಇಲ್ಲ. ನಡುವೆ ಎರಡು ಬೆರಳು ತೂರುವಷ್ಟು ಬೆಳಕು.

"ಇಳಿಸಪ್ಪಾ, ಇಳಿಸು, ಕೈ ಬಿದ್ದುಹೋಗತ್ತೆ," ಎಂದ ಗಾರೆಯವನು. "ಮಾಸ್ಟ್ರೇ, ಕಮ್ಮಿ ಬರೆದಿದೀರಲ್ಲ."

ಮಾಸ್ಟರ್ ಕಲ್ಲನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದ.

"ಏನು ತಿದ್ದಿದೆ?"

"ಏನೂ ತಿದ್ದಿಲ್ಲ."

"ನಿನ್ನ ಬುದ್ಧಿ ನಂಗೊತ್ತಿಲ್ವಾ? ಕಲ್ಲು ಚಿಕ್ಕದಾದ್ರೆ ಹಿಂದಕ್ಕೆ ಹೋಗತ್ತೆ. ಅದಕ್ಕೇ ನೀನೇ... ಲೇ, ನಾಲ್ಕು ಜನರ ಮುಂದೆ ನನ್ನ ಬಾಯಿ ಬಿಡಿಸ್ಬೇಡ."

"ಬಿಡಿ ಬಾಯಿ. ನಾಲ್ಕು ಜನವೂ ಕೇಳಲಿ."

ಗಾರೆಯವನು ಅಂಗಿಯ ಜೇಬಿನಿಂದ ಚೀಟಿ ತೆಗೆದು ಕಲ್ಲಿನ ಮೇಲಿಟ್ಟ. ಅರವತ್ತು, ಕೆಳಗೆ ಎರಡು ಗೀಟು. ತನ್ನ ಉಕ್ಕಿನ ಟೇಪನ್ನು ಸರ್ರನೆ ಎಳೆದು ಹಿಡಿದ: ಕಲ್ಲು ಸರಿಯಾಗಿ ಅರವತ್ತು.

"ಹಂಗಾದ್ರೆ ನಿನ್ನ ಕಬ್ಬಿಣದ ಟೇಪೇ ತಪ್ಪು," ಎಂದ ಮಾಸ್ಟರ್.

"ನಿಮ್ದು ಹಾಕಿ ನೋಡೋಣ, ಪಕ್ಕದಲ್ಲೇ."

ಮಾಸ್ಟರ್ ಟೇಪು ಹಾಸಿದ. ಯಾರೂ ಎಳೆಯಲಿಲ್ಲ, ಜಗ್ಗಲಿಲ್ಲ. ಕಲ್ಲಿನ ಮೇಲೆ ಸುಮ್ಮನೆ ಮಲಗಿಸಿದ. ಉಕ್ಕಿನ ಅರವತ್ತು ಕಲ್ಲಿನ ಅಂಚಿಗೆ ಮುಗಿದಿತ್ತು. ಬಟ್ಟೆಯ ಅರವತ್ತು ಅಂಚಿನಾಚೆ, ಎರಡು ಬೆರಳು ಕೆಳಗೆ ಜೋತುಬಿತ್ತು. ತುದಿಯ ಹಿತ್ತಾಳೆ ಚೂರು ಮೆಲ್ಲಗೆ ತೂಗಾಡಿತು.

"ಎಳೆದೂ ಎಳೆದೂ ಹಿಗ್ಗಿಬಿಟ್ಟಿದೆ ಮಾಸ್ಟ್ರೇ," ಎಂದ ಗಾರೆಯವನು. ಅವನಿಗೆ ನಗು ಬರುತ್ತಿತ್ತು. ತಡೆಯುವ ಕಷ್ಟವನ್ನೇನೂ ತೆಗೆದುಕೊಳ್ಳಲಿಲ್ಲ.

ಅಂಗಡಿಯ ಕುರ್ಚಿಯಿಂದ ಅಂಚೆಯ ಸಾಹೇಬ ಕೆಮ್ಮಿದ. "ಅಲ್ಲಾ ಮಾಸ್ಟರ್, ನನ್ನನ್ನೂ ಇದರಲ್ಲೇ ಅಲ್ವಾ ಅಳೆದಿದ್ದು?"

ಮಾಸ್ಟರ್ ಗಾರೆಯವನ ಕೈಯಿಂದ ಉಕ್ಕಿನ ಟೇಪನ್ನು ಕೇಳದೆಯೇ ಕಿತ್ತುಕೊಂಡು ಅಂಗಡಿಗೆ ನಡೆದ. ಸಾಹೇಬನನ್ನು ಎಬ್ಬಿಸಿ ನಿಲ್ಲಿಸಿ ಎದೆಯ ಸುತ್ತ ಅದನ್ನು ಬಗ್ಗಿಸಲು ನೋಡಿದ. ಅದು ಬಗ್ಗಲಿಲ್ಲ, ಟಣ್ಣೆಂದು ಸಿಡಿದು ಸಾಹೇಬನ ಗಲ್ಲಕ್ಕೆ ತಾಗಿತು. "ನಾನೇನು ಗೋಡೆಯೇನ್ರೀ?" ಎಂದ ಸಾಹೇಬ. ಕೊನೆಗೆ ಮಾಸ್ಟರ್ ದಾರ ಸುತ್ತಿ, ದಾರವನ್ನು ಉಕ್ಕಿನ ಟೇಪಿನ ಮೇಲಿಟ್ಟು ನೋಡಿದ. ನಲವತ್ತೊಂದು. ಅಳತೆ ಪುಸ್ತಕದಲ್ಲಿ ನಲವತ್ತು ಎಂದಿತ್ತು.

"ಒಂದಿಂಚು ಚಿಕ್ಕದು ಮಾಡಿದೀನಿ," ಎಂದ ಮಾಸ್ಟರ್, ಯಾರಿಗೂ ಅಲ್ಲ ಎನ್ನುವ ಹಾಗೆ.

"ಹಂಗಿದ್ರೆ ತೊಟ್ಟು ನೋಡೋದು ಏನಿದೆ? ಬಿಚ್ಚಿ ಸರಿ ಮಾಡಿಡಿ. ಗುರುವಾರ ಬರ್ತೀನಿ. ಒಳ್ಳೇ ಬಟ್ಟೆ ಮಾಸ್ಟರ್, ಇಂಥದ್ದು ಮತ್ತೆ ಸಿಗಲ್ಲ." ಸಾಹೇಬ ಚಪ್ಪಲಿ ಮೆಟ್ಟಿ ಹೊರಟುಹೋದ. ಗುರುವಾರದ ಹೊತ್ತಿಗೆ ಅಂಚೆ ಕಚೇರಿಯ ಸಾಲಿಗೆಲ್ಲ ಈ ಸುದ್ದಿ ಮುಟ್ಟುತ್ತದೆ ಎನ್ನುವುದು ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ವರ್ಷಗಟ್ಟಲೆ ಆ ಅಂಗಡಿಯ ಬಟ್ಟೆಗಳಿಗೆ ಗುಂಡಿ ಹಾಕಿದವಳು, ಅಂಚು ಮಡಿಸಿದವಳು. ಮೈಯನ್ನು ಅಳೆದ ಟೇಪೇ ಬಟ್ಟೆಯನ್ನೂ ಅಳೆದಿತ್ತು. ಎರಡು ಕಡೆಯೂ ಒಂದೇ ಸುಳ್ಳು. ಅದಕ್ಕೇ ಮೂವತ್ತು ವರ್ಷ ಪ್ರತಿ ಅಂಗಿಯೂ ಮೈಗೆ ಸರಿಯಾಗಿ ಕೂತಿತ್ತು. ಕೋಟು ಸಾಹೇಬನಿಗೆ ಹೇಳಿ ಮಾಡಿಸಿದಂತಿರುತ್ತದೆ. ಬಿಚ್ಚಿ ಹಿಗ್ಗಿಸಿದರೆ ಮಾತ್ರ ಗೋಣಿಚೀಲ. ಎರಡು ನಿಮಿಷ ತಣ್ಣಗೆ ಕೂತು ಯೋಚಿಸಿದರೆ ಅವನಿಗೇ ಹೊಳೆಯುವ ಮಾತು. ಆದರೆ ಅವನು ತಣ್ಣಗೆ ಕೂತಿರಲಿಲ್ಲ. ಬಿದ್ದ ಮನೆಯ ಮುಂದೆ ನಿಂತವನ ಹಾಗೆ ಮೇಜಿನ ಮುಂದೆ ನಿಂತಿದ್ದ.

ಅವಳು ಬಾಯಿ ತೆರೆದಳು. ಹಿಂದಿನಿಂದ ಗಾರೆಯವನು ಕರೆದ.

"ಅಕ್ಕಾ, ಈಗೇನು ಮಾಡೋದು? ಬೇರೆ ಕಲ್ಲು ತರಿಸ್ತೀರಾ?"

"ದುಡ್ಡು ನೀನು ಕೊಡ್ತೀಯಾ?"

"ಹಂಗಾದ್ರೆ ಒಂದೇ ದಾರಿ. ಗೋಡೆ ಹೋಗ್ತಾ ಹೋಗ್ತಾ ಕಿರಿದಾಗತ್ತಲ್ಲ. ಒಂದು ಗೇಣು ಹಿಂದಕ್ಕೆ ತಳ್ಳಿದ್ರೆ ತಾನಾಗೇ ಕಚ್ಕೊಳತ್ತೆ. ಆದ್ರೆ ಮಾಸ್ಟ್ರು ಒಪ್ಪಬೇಕು."

ಅವಳು ಅಂಗಡಿಯ ಕಡೆ ತಿರುಗಿ ನೋಡಿದಳು. ಈಗ ಕೋಟಿನ ವಿಷಯ ಹೇಳಿದರೆ ಅವನಿಗೆ ಜೀವ ಬರುತ್ತದೆ. ಜೀವ ಬಂದರೆ ನೆಟ್ಟಗೆ ಒಳಗೆ ಬರುತ್ತಾನೆ. ಆ ಎರಡು ಬೆರಳಿನ ಸಂದಿಗೆ ಇಟ್ಟಿಗೆಯ ಕಂಬ ಎತ್ತಿಸಿಯಾದರೂ ಕಲ್ಲನ್ನು ತನ್ನ ಗೆರೆಯ ಮೇಲೇ ಕೂರಿಸುತ್ತಾನೆ.

"ಒಪ್ಪಿದಾರೆ," ಎಂದಳು. "ತಳ್ಳು."

ಹಳೆಯ ಕಚ್ಚುಗಳನ್ನು ಮುಚ್ಚಿ ಹೊಸದು ಕೊರೆಯಲು ಎರಡು ಗಂಟೆ ಹಿಡಿಯಿತು. ಉಳಿಯ ಪ್ರತಿ ಏಟಿಗೂ ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಅವನು ಬರಲಿಲ್ಲ. ಕಲ್ಲು ಎರಡು ಗೋಡೆಗಳ ನಡುವೆ ಗಕ್ಕನೆ ಕೂತಾಗ ಗಾರೆಯವನು ಅಂಗೈಯಿಂದ ಬಡಿದು ನೋಡಿ, ಗಾರೆ ಮೆತ್ತಿ, ಕರಣೆ ತೊಳೆದ. "ನಾಳೆವರೆಗೂ ಏನೂ ಭಾರ ಇಡ್ಬೇಡಿ ಅಕ್ಕಾ. ನನ್ನ ಟೇಪು ಮಾಸ್ಟ್ರ ಹತ್ರ ಇದೆ, ಇಸ್ಕೊಳ್ಳಕ್ಕೆ ನಂಗೆ ಧೈರ್ಯ ಇಲ್ಲ. ಆಮೇಲೆ ಬರ್ತೀನಿ."

ಅವನು ಹಿತ್ತಲ ಕಡೆಯಿಂದಲೇ ಹೋದ.

ಅವಳು ಕೈ ತೊಳೆದುಕೊಂಡಳು. ಇನ್ನು ಹೇಳಬಹುದು. ಕಲ್ಲು ಕೂತಾಯಿತು, ಇನ್ನು ಅದನ್ನು ಕೀಳಲು ಯಾರಿಂದಲೂ ಆಗುವುದಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಮಾತನ್ನು ಮನಸ್ಸಿನಲ್ಲೇ ಒಂದು ಸಲ ಜೋಡಿಸಿಕೊಂಡಳು: ಅಳೆದದ್ದೂ ಅದರಲ್ಲೇ, ಕತ್ತರಿಸಿದ್ದೂ ಅದರಲ್ಲೇ. ಅಷ್ಟು ಸಾಕು.

ಮಾಸ್ಟರ್ ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂತಿದ್ದ. ಕೋಟು ಅವನ ತೊಡೆಯ ಮೇಲೆ ಒಳಮುಖವಾಗಿ ಮಗುಚಿ ಬಿದ್ದಿತ್ತು. ಬ್ಲೇಡಿನ ತುದಿಯಿಂದ ಬೆನ್ನಿನ ಹೊಲಿಗೆಯನ್ನು ಒಂದೊಂದಾಗಿ ಎತ್ತಿ ಕೊಯ್ಯುತ್ತಿದ್ದ. ಒಂದು ಪಕ್ಕ ಆಗಲೇ ಬಾಯಿ ಬಿಟ್ಟಿತ್ತು. ಇನ್ನೊಂದು ಪಕ್ಕ ಉಳಿದಿತ್ತು. ತೋಳುಗಳೂ ಹಾಗೇ ಇದ್ದವು. ಇನ್ನೂ ಹೊತ್ತು ಮೀರಿರಲಿಲ್ಲ.

"ರೀ," ಎಂದಳು.

ಅವನು ತಲೆ ಎತ್ತಲಿಲ್ಲ.

"ಗೆದ್ದೆ ಅಂತ ತೋರಿಸಕ್ಕೆ ಬಂದ್ಯಾ?" ಎಂದ. ಬ್ಲೇಡು ನಿಲ್ಲಲಿಲ್ಲ. "ಬಾಗಿಲು ಹಾಕ್ಕೊಂಡು ಒಳಗಿರು. ನಿನ್ನ ಮುಖ ನೋಡಿದ್ರೆ ಬ್ಲೇಡು ಜಾರತ್ತೆ."

ಟಿಕ್, ಟಿಕ್ ಎಂದು ದಾರ ಹರಿಯುತ್ತಿತ್ತು. ಅವಳು ಬಾಗಿಲನ್ನು ಎಳೆದು, ಚಿಲಕ ಬೀಳುವವರೆಗೂ ಎಳೆದು, ಮುಚ್ಚಿದಳು.

ಹಿತ್ತಲಿಗೆ ಹೋಗಿ ಗೋಣಿ ಸರಿಸಿ ಒಲೆಯನ್ನು ತಬ್ಬಿಕೊಂಡು ಒಳಗೆ ತಂದಳು. ಸುಟ್ಟ ಕಾಲಿನ ಮೇಲೆ ಭಾರ ಬಿದ್ದಾಗ ಹಲ್ಲು ಕಚ್ಚಿದಳು. ಅಂಗಡಿಯ ಬಾಗಿಲಿಗೂ ಕಲ್ಲಿಗೂ ನಡುವೆ ಒಲೆ ಕೂತಿತು; ಈ ಕಡೆ ಒಂದು ಬೆರಳು, ಆ ಕಡೆ ಒಂದು ಬೆರಳು ಜಾಗ ಬಿಟ್ಟು. ಅಂಗೈ ಊರಿ ಒತ್ತಿದಳು. ಒಂದು ಕಾಲು ನೆಲ ಮುಟ್ಟದೆ ಲಟಕ್ಕೆಂದಿತು. ಮತ್ತೆ ಒತ್ತಿದಳು, ಮತ್ತೆ ಲಟಕ್ಕೆಂದಿತು.

ಅವನು ಕಿತ್ತು ನೆಲಕ್ಕೆಸೆದಿದ್ದ ಕೋಟಿನ ಬಟ್ಟೆಯದೊಂದು ಪಟ್ಟಿ ಬಾಗಿಲ ಕೆಳಗಿನ ಸಂದಿಯಿಂದ ಗಾಳಿಗೆ ಒಳಗೆ ತೂರಿ ಬಂದಿತ್ತು, ಬೆರಳುದ್ದದ್ದು. ಅವಳು ಅದನ್ನು ಎತ್ತಿಕೊಂಡಳು. ಮೆತ್ತಗಿತ್ತು, ಒಳ್ಳೆಯ ಉಣ್ಣೆ. ನಾಲ್ಕು ಮಡಿಕೆ ಮಾಡಿ, ಮಂಡಿಯೂರಿ ಬಾಗಿ, ಒಲೆಯ ಆ ಕಾಲಿನ ಕೆಳಗಿಟ್ಟಳು. ಒತ್ತಿ ನೋಡಿದಳು. ಅಲುಗಲಿಲ್ಲ.