ನಲವತ್ತೆರಡನೇ ಪುಟ

ತಿರುವನಂತಪುರದಿಂದ ಬಂದ ರಘೂತ್ತಮನ್ ಮಾಷ್, ಅಂದರೆ ಮೇಷ್ಟ್ರು, ನಮ್ಮ ಕಡಲತೀರದ ಊರಿನ ಮೇಲೆ ಕಾದಂಬರಿ ಬರೆದರು. ಎರಡು ವರ್ಷ ನಮ್ಮ ಜಗಲಿಯಲ್ಲೇ ಕೂತು, ನಾನು ಬೇಯಿಸಿದ ಮರಗೆಣಸು, ಮೀನುಸಾರು ಉಂಡು, ಒಬ್ಬರ ಕಥೆಗೆ ಇನ್ನೊಬ್ಬರದನ್ನು ಗಂಟು ಹಾಕಿಕೊಂಡು ಹೋದರು. ಹೋಗಲಿ, ಅದಕ್ಕೆ ನನಗೆ ಸಿಟ್ಟಿಲ್ಲ.

ನನ್ನ ಗಂಡ ಪನಿಯಡಿಮೆಗೆ ಅವನಪ್ಪ ಬಿಟ್ಟುಹೋದ ಆಸ್ತಿ ಒಂದೇ, ಕಡಲೊಳಗಿನ ಬಂಡೆ. ನೀರಿನ ಮೇಲೆ ಅದರ ಸುಳಿವೇ ಇಲ್ಲ. ದೋಣಿಯಿಂದ ನೋಡಿದರೆ ಇಗರ್ಜಿಯ ಗೋಪುರ ಗುಡ್ಡದ ಬೋಳು ನೆತ್ತಿಗೆ ನೇರವಾಗಬೇಕು, ದೀಪಸ್ತಂಭ ಐಸ್ ಕಾರ್ಖಾನೆಯ ಟ್ಯಾಂಕಿನ ಹಿಂದೆ ಮರೆಯಾಗಬೇಕು. ಅಲ್ಲಿ ಗಾಳ ಬಿಟ್ಟರೆ ತೊಡೆಗಾತ್ರದ ಮೀನು. ಇಂಥ ಗುರುತನ್ನು ನಮ್ಮಲ್ಲಿ ಹಿರಿಮಗನಿಗೆ ಮಾತ್ರ ಹೇಳುತ್ತಾರೆ. ಮೈದುನ ಕ್ಲೀಟಸ್ ಕೇಳಿ ಕೇಳಿ ಸೋತು, ಹನ್ನೊಂದು ವರ್ಷದಿಂದ ನಮ್ಮ ಮೆಟ್ಟಿಲು ತುಳಿದಿರಲಿಲ್ಲ. ಹೆಂಡತಿಯಾದ ನನಗೂ ಗೊತ್ತಿರಲಿಲ್ಲ.

ಮಾಷ್‌ಗೆ ಮಾತ್ರ ಗಂಡ ಹೇಳಿಬಿಟ್ಟ. ನಾಲ್ಕು ಹೊಗಳಿಕೆಗೆ ಉಬ್ಬಿಹೋಗಿದ್ದ ಮಹಾರಾಯ.

"ಪೆನ್ನು ಹಿಡಿಯೋನು ಗಾಳ ಹಿಡೀತಾನೇನೇ? ಬಿಡು" ಅಂದ, ನಾನು ಗದರಿದ್ದಕ್ಕೆ.

ಪುಸ್ತಕ ಬಂದು ತಿಂಗಳಾಗುವುದರೊಳಗೆ ಬೇರೆ ಊರಿನ ದೊಡ್ಡ ಎಂಜಿನ್ ದೋಣಿಗಳು ಬಂಡೆಯ ಮೇಲೆ ಸಾಲುಗಟ್ಟಿದವು. ನಲವತ್ತೆರಡನೇ ಪುಟದಲ್ಲಿ ಗೋಪುರ, ಗುಡ್ಡ, ಟ್ಯಾಂಕು ಎಲ್ಲ ಇತ್ತು. ಪನಿಯಡಿಮೆ ಬರಿಗೈಯಲ್ಲಿ ಬಂದ, ಮಾರನೆಯ ದಿನವೂ, ಆ ವಾರವೆಲ್ಲ.

ಇಗರ್ಜಿಯ ಸಭಾಂಗಣದಲ್ಲಿ ಮಾಷ್‌ಗೆ ಸನ್ಮಾನ ಇಟ್ಟಿದ್ದರು. ಸನ್ಮಾನವಂತೆ! ನಾನು ಪುಸ್ತಕ ಹಿಡಿದು ಎದ್ದುನಿಂತೆ.

"ಮಾಷೇ, ಇದನ್ನ ಯಾಕ್ ಬರೆದ್ರಿ?"

"ಯಾರಿಗೂ ನೋವಾಗಬಾರದು ಅಂತ ಎಲ್ಲರ ಹೆಸರೂ ಬದಲಾಯಿಸಿದೀನಲ್ಲ, ಮೆಟಿಲ್ಡಾ."

"ಜನರ ಹೆಸರು ಬದಲಾಯಿಸಿದ್ರಿ, ಗೋಪುರಾನ ಹಂಗೇ ಬಿಟ್ರಲ್ಲ! ನಾನು ಗಂಡನ ಜತೆ ಕಿತ್ತಾಡೋದು ಇಡೀ ಊರಿಗೇ ಗೊತ್ತು, ಅದನ್ನ ಮುಚ್ಚಿಟ್ರಿ. ಯಾರಿಗೂ ಗೊತ್ತಿಲ್ಲದ್ದನ್ನ ಅಚ್ಚು ಹಾಕಿಸಿದ್ರಿ!"

"ಅದು... ಕಥೆಗೆ ನೈಜತೆ ಬೇಕಾಗತ್ತೆ..."

"ನಿಮ್ಮ ನೈಜತೆಗಿಷ್ಟು ಬೆಂಕಿ ಹಾಕ!"

ಜನ ನಕ್ಕರು. ಕ್ಲೀಟಸ್ ನಗಲಿಲ್ಲ. ಹಿಂದಿನ ಬೆಂಚಿನಿಂದ ಎದ್ದು ಬಂದವನು ಮಾಷ್ ಕಡೆ ತಿರುಗಿಯೂ ನೋಡದೆ ನನ್ನ ಪಕ್ಕದಲ್ಲಿ ಕೂತಿದ್ದ ಅಣ್ಣನ ಎದುರು ನಿಂತ.

"ನನ್ ಮಗಳ ಮದುವೆ ವರ್ಷ ನಿನ್ ಕಾಲು ಹಿಡಿದೆ. ಅಪ್ಪನಿಗೆ ಮಾತು ಕೊಟ್ಟಿದೀನಿ ಅಂದೆ ನೀನು. ಮಾತು ದೊಡ್ಡದು ಅಂತ ನಾನೂ ಸುಮ್ನಾದೆ. ಈಗ ಅಪ್ಪನ ಬಂಡೆ ಎಲ್ಲಿದೆ ಅಂತ, ಓದೋಕ್ ಬರದ ನಾನು ಪಕ್ಕದ ಮನೆಯವ್ರ ಕೈಲಿ ಓದಿಸ್ಕೊಂಡೆ ಅಣ್ಣಾ."

ಅಷ್ಟು ಹೇಳಿ ಕ್ಲೀಟಸ್ ಬಾಗಿಲ ಕಡೆ ನಡೆದ. ಅಲ್ಲಿಯವರೆಗೂ ನನ್ನ ಸಿಟ್ಟೆಲ್ಲ ಮಾಷ್ ಮೇಲಿತ್ತು. ಪುಸ್ತಕವನ್ನು ಗಂಡನ ಮಡಿಲಿಗೆ ಎಸೆದು, ಮೈದುನನ ಹಿಂದೆ ಹೊರಟೆ.